ಓದುಗರ ಪ್ರಶ್ನೆ, ತಜ್ಞರ ಉತ್ತರ: ಗಣಿ ಬಿಟ್ಟ ಮೇಲೆ ವಿಕಿರಣದ ಗುರುತು ಮೈಯಲ್ಲಿ ಎಷ್ಟು ಕಾಲ?

ಯುರೇನಿಯಂ ಗಣಿಗಳ ಬಗ್ಗೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳುತ್ತವೆ: ಕೆಲಸ ಬಿಟ್ಟು ಹತ್ತಾರು ವರ್ಷ ಕಳೆದವರ ದೇಹದಲ್ಲಿ ವಿಕಿರಣದ ಹಾನಿಯನ್ನು ಪರೀಕ್ಷೆಯಿಂದ ಪತ್ತೆ ಹಚ್ಚಬಹುದೇ? ಬರೆದವರಲ್ಲಿ ಗಣಿ ಕಾರ್ಮಿಕರ ಮಕ್ಕಳಿದ್ದಾರೆ, ಲ್ಯಾಬ್ ತಂತ್ರಜ್ಞರಿದ್ದಾರೆ, ಕಾರ್ಮಿಕರ ಪರವಾಗಿ ಪರಿಹಾರದ ಅರ್ಜಿ ಬರೆದುಕೊಡುವವರಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ತಂದೆ ಹದಿನೆಂಟು ವರ್ಷ ಯುರೇನಿಯಂ ಗಣಿಯೊಳಗೆ ಡ್ರಿಲ್ ಹಿಡಿದು ದುಡಿದವರು. ಕೆಲಸ ಬಿಟ್ಟು ಮೂವತ್ತು ವರ್ಷವಾಯಿತು. ಈಗ ರಕ್ತ ಪರೀಕ್ಷೆ ಮಾಡಿಸಿದರೆ ಅವರಿಗೆ ಎಷ್ಟು ವಿಕಿರಣ ತಗುಲಿದೆ ಎಂದು ಗೊತ್ತಾಗುತ್ತದೆಯೇ ಡಾಕ್ಟರೇ?

ಇಲ್ಲ. ಅದಕ್ಕೆ ಎರಡು ಕಾರಣಗಳಿವೆ, ಎರಡನ್ನೂ ನೀವು ತಿಳಿದಿರಬೇಕು.

ಗಣಿಯ ಗಾಳಿಯಲ್ಲಿರುವ ರೇಡಾನ್-222 ಅನಿಲವನ್ನು ಉಸಿರಾಡಿದರೆ ಅದರ ಬಹುಪಾಲು ಹಾಗೆಯೇ ಹೊರಗೆ ಬರುತ್ತದೆ. ತೊಂದರೆ ಕೊಡುವುದು ಅದು ಕ್ಷಯಿಸಿದಾಗ ಹುಟ್ಟುವ ಪೊಲೋನಿಯಂ-218 ಮತ್ತು ಪೊಲೋನಿಯಂ-214. ಇವು ಅನಿಲಗಳಲ್ಲ. ದೂಳಿನ ಕಣಗಳಿಗೆ ಅಂಟಿಕೊಂಡು ಶ್ವಾಸನಾಳದ ಕವಲುಗಳಲ್ಲಿ ಕೂತುಬಿಡುತ್ತವೆ. ಅಲ್ಲಿಂದ ಹೊರಡುವ ಆಲ್ಫಾ ಕಣ ಅಂಗಾಂಶದಲ್ಲಿ ಸಾಗುವ ದೂರ ಹೆಚ್ಚೆಂದರೆ 70 ಮೈಕ್ರೋಮೀಟರ್. ಶ್ವಾಸನಾಳದ ಒಳಪದರದ ಬುಡದಲ್ಲಿ, ಕ್ಯಾನ್ಸರ್ ಶುರುವಾಗಬಲ್ಲ ಕೋಶಗಳು ಇರುವುದೂ ಈ ಆಳದೊಳಗೇ. ಹೀಗಾಗಿ ಹೊಡೆತವೆಲ್ಲ ಶ್ವಾಸಕೋಶಕ್ಕೆ ಬೀಳುತ್ತದೆ. ತೋಳಿನಿಂದ ತೆಗೆಯುವ ರಕ್ತಕ್ಕೆ ತಲುಪುವುದು ಅದರ ಸಣ್ಣದೊಂದು ಪಾಲು. ಹಾನಿಯಾದ ಜಾಗ ಒಂದು, ನಾವು ಪರೀಕ್ಷಿಸುವ ಜಾಗ ಇನ್ನೊಂದು.

ಎರಡನೆಯ ಕಾರಣ ಕಾಲ. ವಿಕಿರಣದ ಪ್ರಮಾಣ ಅಳೆಯಲು ಹೆಚ್ಚು ನಂಬಲಾಗುವ ರಕ್ತ ಪರೀಕ್ಷೆ ಡೈಸೆಂಟ್ರಿಕ್ ಎಣಿಕೆ. ಒಂದು ವರ್ಣತಂತುವಿಗೆ (ಕೋಶದಲ್ಲಿ ಜೀನುಗಳನ್ನು ಹೊತ್ತ ಎಳೆ) ಒಂದೇ ಸೆಂಟ್ರೊಮಿಯರ್, ಅಂದರೆ ವಿಭಜನೆಯಾಗುವಾಗ ಅದನ್ನು ಹಿಡಿದೆಳೆಯುವ ಗಂಟು, ಇರಬೇಕು. ಎರಡು ವರ್ಣತಂತುಗಳು ತುಂಡಾಗಿ ತಪ್ಪಾಗಿ ಬೆಸೆದುಕೊಂಡಾಗ ಎರಡು ಸೆಂಟ್ರೊಮಿಯರ್ ಇರುವ ವಿಕೃತ ವರ್ಣತಂತು ಹುಟ್ಟುತ್ತದೆ. ಅದನ್ನು ಹೊತ್ತ ಕೋಶ ವಿಭಜನೆಯಾಗುವಾಗ ಸಿಕ್ಕಿಹಾಕಿಕೊಂಡು ಸಾಯುತ್ತದೆ, ಆದ್ದರಿಂದ ಡೈಸೆಂಟ್ರಿಕ್‌ಗಳ ಸಂಖ್ಯೆ ವರ್ಷ ಕಳೆದಂತೆ ಇಳಿಯುತ್ತದೆ. ಅರ್ಧಕ್ಕೆ ಇಳಿಯಲು ಆರು ತಿಂಗಳಿಂದ ಮೂರು ವರ್ಷ ಬೇಕು. ಉದಾರವಾಗಿ ಮೂರು ವರ್ಷ ಎಂದೇ ಇಟ್ಟುಕೊಳ್ಳಿ. ಮೂವತ್ತು ವರ್ಷದಲ್ಲಿ ಹತ್ತು ಸಲ ಅರ್ಧವಾಗಿ ಮೂಲದ ಸಾವಿರದಲ್ಲೊಂದು ಪಾಲು ಉಳಿಯುತ್ತದೆ. ಮೂಳೆಯಲ್ಲಿ ಉಳಿದ ವಿಕಿರಣಶೀಲ ಧಾತುಗಳು ನಿಧಾನವಾಗಿ ಹೊಸ ಹಾನಿ ಮಾಡುತ್ತಿರುತ್ತವೆ ಎಂಬುದು ನಿಜ. ಆದರೂ ಗಣಿಯ ದಿನಗಳ ಲೆಕ್ಕ ಅದರಿಂದ ಸಿಗುವುದಿಲ್ಲ.

ನಿಮ್ಮ ತಂದೆಯವರಿಗೆ ಎಷ್ಟು ತಗುಲಿದೆ ಎಂಬುದಕ್ಕೆ ಇವತ್ತಿಗೂ ಗಟ್ಟಿ ಆಧಾರ ಅವರ ಕೆಲಸದ ದಾಖಲೆಯೇ. ಯಾವ ಗಣಿ, ಯಾವ ವರ್ಷ, ಗಣಿಯ ಯಾವ ಮಟ್ಟ (ಆಳ), ಯಾವ ಕೆಲಸ, ದಿನಕ್ಕೆ ಎಷ್ಟು ಗಂಟೆ. ಇದನ್ನು ಮುಂದೆಯೂ ಮತ್ತೆ ಮತ್ತೆ ಹೇಳಲಿದ್ದೇವೆ, ಏಕೆಂದರೆ ಜನ ದುಬಾರಿ ಪರೀಕ್ಷೆಗಳ ಹಿಂದೆ ಓಡಿ ಹಳೆಯ ಹಾಜರಿ ಪುಸ್ತಕವನ್ನು ಕೈಬಿಡುತ್ತಿದ್ದಾರೆ.

ಪ್ರಶ್ನೆ: ಪತ್ರಗಳಲ್ಲಿ, ವರದಿಗಳಲ್ಲಿ ‘ಡಬ್ಲ್ಯುಎಲ್‌ಎಂ’ ಎಂದು ಬರುತ್ತದೆ. ಏನದು?

ವರ್ಕಿಂಗ್ ಲೆವೆಲ್ ಮಂತ್: ಗಣಿಗಾರರು ಎಷ್ಟು ರೇಡಾನ್ ಸಂತತಿಗೆ, ಅಂದರೆ ರೇಡಾನ್ ಕ್ಷಯಿಸಿ ಹುಟ್ಟುವ ಪೊಲೋನಿಯಂನಂಥ ಧಾತುಗಳಿಗೆ, ಒಡ್ಡಿಕೊಂಡರು ಎಂಬುದರ ಅಳತೆ. ಒಂದು ಲೀಟರ್ ಗಾಳಿಯಲ್ಲಿರುವ ಅಲ್ಪಾಯುಷಿ ರೇಡಾನ್ ಸಂತತಿ ಪೂರ್ತಿ ಕ್ಷಯಿಸಿದಾಗ 1,30,000 ಮೆಗಾ ಎಲೆಕ್ಟ್ರಾನ್ ವೋಲ್ಟ್ ಆಲ್ಫಾ ಶಕ್ತಿ ಹೊರಬೀಳುವಂತಿದ್ದರೆ ಅದು ಒಂದು ವರ್ಕಿಂಗ್ ಲೆವೆಲ್. ಅಂಥ ಗಾಳಿಯಲ್ಲಿ 170 ಗಂಟೆ, ಅಂದರೆ ಒಂದು ತಿಂಗಳ ಪಾಳಿ, ದುಡಿದರೆ 1 ಡಬ್ಲ್ಯುಎಲ್‌ಎಂ. ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗ 2017ರಲ್ಲಿ ಕೊಟ್ಟ ಲೆಕ್ಕದಂತೆ ಗಣಿಗಳಲ್ಲಿ 1 ಡಬ್ಲ್ಯುಎಲ್‌ಎಂ ದೇಹಕ್ಕೆ ತಗುಲುವ ವಿಕಿರಣದ ಅಳತೆಯಲ್ಲಿ ಸುಮಾರು 10 ಮಿಲಿಸೀವರ್ಟ್‌ಗೆ ಸಮ.

ಪ್ರಶ್ನೆ: ನಾನು ಸೈಟೊಜೆನೆಟಿಕ್ಸ್ (ವರ್ಣತಂತು ಪರೀಕ್ಷೆ) ಲ್ಯಾಬಿನಲ್ಲಿ ತರಬೇತಿಯಲ್ಲಿದ್ದೇನೆ. ಮಾಜಿ ಗಣಿಗಾರರ ರಕ್ತದಲ್ಲಿ ಡೈಸೆಂಟ್ರಿಕ್ ಎಣಿಸುವ ಕೆಲಸ ಬಂದಿದೆ. ಹಂತಗಳನ್ನೂ, ಎಲ್ಲಿ ಎಡವುತ್ತಾರೆ ಎಂಬುದನ್ನೂ ತಿಳಿಸಿ ಸರ್.

ರಕ್ತವನ್ನು ಲಿಥಿಯಂ ಹೆಪಾರಿನ್ ಟ್ಯೂಬಿಗೇ ತೆಗೆಯಬೇಕು. ಇಡಿಟಿಎ ಟ್ಯೂಬಿನಲ್ಲಿ ಬಂದ ರಕ್ತದ ಕಲ್ಚರ್ ಸರಿಯಾಗಿ ಬೆಳೆಯುವುದಿಲ್ಲ. ಮೊದಲ ತಪ್ಪು ಆಗುವುದು ಬಹುತೇಕ ಇಲ್ಲೇ. ತೆಗೆದ ಕೂಡಲೇ ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲನೆ ತಲೆಕೆಳಗು ಮಾಡಿ. ಅಲುಗಾಡಿಸಬೇಡಿ. ಕೋಣೆಯ ಉಷ್ಣತೆಯಲ್ಲೇ ಸಾಗಿಸಿ, ಹೆಪ್ಪುಗಟ್ಟುವಷ್ಟು ತಂಪು ಮಾಡಿದರೆ ಬಿಳಿ ರಕ್ತಕಣಗಳಾದ ಲಿಂಫೊಸೈಟ್‌ಗಳು ಸಾಯುತ್ತವೆ. ಒಂದು ದಿನದೊಳಗೆ ಕಲ್ಚರ್‌ಗೆ ಹಾಕುವುದು ಒಳ್ಳೆಯದು, ಎರಡು ದಿನ ದಾಟಬಾರದು.

ಅರ್ಧ ಮಿಲಿಲೀಟರ್ ರಕ್ತಕ್ಕೆ ಸುಮಾರು ನಾಲ್ಕೂವರೆ ಮಿಲಿಲೀಟರ್ ಮೀಡಿಯಂ, ಸೀರಮ್, ಆಂಟಿಬಯಾಟಿಕ್, ಲಿಂಫೊಸೈಟ್‌ಗಳನ್ನು ವಿಭಜನೆಗೆ ಎಬ್ಬಿಸುವ ಫೈಟೊಹೀಮಗ್ಲುಟಿನಿನ್. 37 ಡಿಗ್ರಿಯಲ್ಲಿ ಒಟ್ಟು 48 ಗಂಟೆ. ಕೊನೆಯ ಎರಡು ಮೂರು ಗಂಟೆ ಕೊಲ್ಸೆಮಿಡ್ ಹಾಕಿ ಕೋಶಗಳನ್ನು ಮೆಟಾಫೇಸಿನಲ್ಲಿ, ಅಂದರೆ ವರ್ಣತಂತುಗಳು ಬಿಡಿಬಿಡಿಯಾಗಿ ಕಾಣುವ ವಿಭಜನೆಯ ಹಂತದಲ್ಲಿ, ನಿಲ್ಲಿಸಬೇಕು. ಆಮೇಲೆ 0.075 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡಿನಲ್ಲಿ ಕೋಶಗಳನ್ನು ಉಬ್ಬಿಸಿ, ಮೂರು ಪಾಲು ಮೆಥನಾಲ್‌ಗೆ ಒಂದು ಪಾಲು ಅಸಿಟಿಕ್ ಆಮ್ಲ ಬೆರೆಸಿದ ದ್ರಾವಣದಲ್ಲಿ ಸ್ಥಿರಗೊಳಿಸಿ, ಸ್ಲೈಡ್ ಮೇಲೆ ಹನಿಸಿ ಜೀಮ್ಸಾ ಬಣ್ಣ ಹಾಕಿ.

48 ಗಂಟೆ ಎಂಬ ಮಿತಿಯನ್ನು ಸಡಿಲಿಸಬೇಡಿ. ಹೆಚ್ಚು ಹೊತ್ತು ಬಿಟ್ಟರೆ ಕೋಶಗಳು ಎರಡನೆಯ ವಿಭಜನೆಗೆ ಹೋಗುತ್ತವೆ. ಡೈಸೆಂಟ್ರಿಕ್ ಇದ್ದ ಕೋಶಗಳಲ್ಲಿ ಸುಮಾರು ಅರ್ಧ ಅಷ್ಟರಲ್ಲೇ ಕಳೆದುಹೋಗಿರುತ್ತವೆ, ಎಣಿಕೆ ಸುಳ್ಳಾಗಿ ಕಡಿಮೆ ಬರುತ್ತದೆ. ಎಪ್ಪತ್ತು ದಾಟಿದವರ ಲಿಂಫೊಸೈಟ್‌ಗಳು ಪ್ರಚೋದನೆಗೆ ನಿಧಾನವಾಗಿ ಸ್ಪಂದಿಸುತ್ತವೆ. ಮೆಟಾಫೇಸ್ ಕಡಿಮೆ ಸಿಕ್ಕಿತೆಂದು ಹೊತ್ತು ಹೆಚ್ಚಿಸುವ ಆಸೆ ಆಗುತ್ತದೆ. ಹಾಗೆ ಮಾಡುವ ಬದಲು ಮೊದಲಿಗೇ ಎರಡು ಮೂರು ಕಲ್ಚರ್ ಹಾಕಿಕೊಳ್ಳಿ. ಬ್ರೋಮೊಡೀಆಕ್ಸಿಯುರಿಡಿನ್ ಬಳಸಿದರೆ ಮೊದಲ ವಿಭಜನೆಯ ಕೋಶ ಯಾವುದು, ಎರಡನೆಯದು ಯಾವುದು ಎಂದು ಬಣ್ಣದಲ್ಲೇ ತಿಳಿಯುತ್ತದೆ.

ಎಣಿಸುವಾಗ 46 ಸೆಂಟ್ರೊಮಿಯರ್ ಪೂರ್ತಿ ಇರುವ ಮೆಟಾಫೇಸ್ ಮಾತ್ರ ಲೆಕ್ಕಕ್ಕೆ. ಮೊದಲ ವಿಭಜನೆಯ ಕೋಶದಲ್ಲಿ ಡೈಸೆಂಟ್ರಿಕ್ ಜೊತೆ ಸೆಂಟ್ರೊಮಿಯರ್ ಇಲ್ಲದ ತುಂಡೊಂದು ಇರಲೇಬೇಕು. ಅದು ಕಾಣದಿದ್ದರೆ ಎರಡು ವರ್ಣತಂತುಗಳು ಒಂದರ ಮೇಲೊಂದು ಬಿದ್ದಿವೆಯೋ, ತಿರುಚಿಕೊಂಡು ನಡು ಸಣ್ಣಗಾಗಿ ಎರಡನೇ ಸೆಂಟ್ರೊಮಿಯರಿನಂತೆ ತೋರುತ್ತಿದೆಯೋ ಎಂದು ಮತ್ತೊಬ್ಬರಿಂದ ನೋಡಿಸಿ. ಒಬ್ಬರಿಗೆ ಕನಿಷ್ಠ ಸಾವಿರ ಮೆಟಾಫೇಸ್ ಎಣಿಸಿ. ಮಾದರಿ ಗಣಿಗಾರನದೋ ಹೋಲಿಕೆ ಗುಂಪಿನದೋ ಎಂಬುದು ಎಣಿಸುವವರಿಗೆ ತಿಳಿಯಬಾರದು.

ಇನ್ನೊಂದು ಸಂಗತಿಯನ್ನು ಹಾಳೆಯಲ್ಲಿ ಬರೆಯದೆ ಬಿಡುವವರೇ ಹೆಚ್ಚು. ಎಷ್ಟು ಡೈಸೆಂಟ್ರಿಕ್ ಎಂಬುದರ ಜೊತೆಗೆ ಅವು ಎಷ್ಟು ಕೋಶಗಳಲ್ಲಿ ಹಂಚಿವೆ ಎಂಬುದನ್ನೂ ದಾಖಲಿಸಿ. ಗಾಮಾ ಕಿರಣ ಇಡೀ ಮೈಗೆ ಸಮನಾಗಿ ಬಿದ್ದರೆ ಹಂಚಿಕೆ ಪಾಯ್ಸನ್ ನಿಯಮದಂತೆ ಇರುತ್ತದೆ, ಅಂದರೆ ವಿಚಲನ ವರ್ಗ (ವೇರಿಯನ್ಸ್) ಮತ್ತು ಸರಾಸರಿ ಹೆಚ್ಚುಕಡಿಮೆ ಸಮ. ಆಲ್ಫಾ ಕಣ ಹಾಗಲ್ಲ. ಬಹುಪಾಲು ಕೋಶಗಳನ್ನು ಮುಟ್ಟುವುದೇ ಇಲ್ಲ, ಮುಟ್ಟಿದ ಒಂದೇ ಕೋಶದಲ್ಲಿ ಹಲವು ಕಡೆ ಮುರಿಯುತ್ತದೆ. ಒಂದೇ ಕೋಶದಲ್ಲಿ ಮೂರು ಡೈಸೆಂಟ್ರಿಕ್ ಕಂಡರೆ ಅದು ಮೂರು ಕೋಶಗಳಲ್ಲಿ ಒಂದೊಂದು ಕಂಡಂತಲ್ಲ.

ಪ್ರಶ್ನೆ: ನಮ್ಮ ಮಾವನವರ ವರದಿಯಲ್ಲಿ ‘1000 ಕೋಶಗಳಲ್ಲಿ 3 ಡೈಸೆಂಟ್ರಿಕ್, ಸಾಮಾನ್ಯ ಮಟ್ಟ 1’ ಎಂದಿದೆ. ಮೂರು ಪಟ್ಟು ಹೆಚ್ಚು ಎಂದು ಮನೆಯವರೆಲ್ಲ ಗಾಬರಿಯಾಗಿದ್ದಾರೆ.

ಗಾಬರಿ ಬೇಡ. ಇಷ್ಟು ಸಣ್ಣ ಸಂಖ್ಯೆಗಳಲ್ಲಿ ಆಕಸ್ಮಿಕದ ಪಾಲು ದೊಡ್ಡದು. ಮೂರು ಎಂದು ಎಣಿಸಿದಾಗ ನಿಜವಾದ ಮಟ್ಟ 0.6ರಿಂದ 8.8ರವರೆಗೆ ಎಲ್ಲಿಯಾದರೂ ಇರಬಹುದು, ಶೇ 95ರ ವಿಶ್ವಾಸದಲ್ಲಿ. ಸಾಮಾನ್ಯ ಮಟ್ಟವಾದ 1 ಅದರೊಳಗೇ ಬಂತು. ಎಣಿಕೆ ಐದಾಗಿದ್ದರೆ ಕೆಳಗಿನ ಅಂಚು 1.6 ಆಗುತ್ತಿತ್ತು, ಆಗ ಕಾರಣ ಹುಡುಕಬೇಕಿತ್ತು. ಆ ಕಾರಣ ಗಣಿಯೇ ಆಗಿರಬೇಕೆಂದೂ ಇಲ್ಲ. ಇತ್ತೀಚೆಗೆ ತೆಗೆಸಿದ ಸಿಟಿ ಸ್ಕ್ಯಾನ್‌ಗಳು, ಹಿಂದೆ ಪಡೆದ ರೇಡಿಯೊಥೆರಪಿ ಅಥವಾ ಕಿಮೊಥೆರಪಿ, ಇವೆಲ್ಲ ಎಣಿಕೆಯನ್ನು ಏರಿಸಬಲ್ಲವು. ವರದಿ ಕೊಟ್ಟವರು ಇವನ್ನು ಕೇಳಿ ಬರೆದುಕೊಂಡಿದ್ದಾರೆಯೇ ನೋಡಿ. ಬರೆದಿಲ್ಲವಾದರೆ ಆ ವರದಿ ಅರ್ಧದ್ದು.

ಪ್ರಶ್ನೆ: ಡೈಸೆಂಟ್ರಿಕ್ ಅಳಿಯುತ್ತದೆ, ಆದರೆ ‘ಫಿಶ್’ ಪರೀಕ್ಷೆಯಲ್ಲಿ ಕಾಣುವ ಹಾನಿ ಬದುಕಿಡೀ ಉಳಿಯುತ್ತದೆ ಎಂದು ಓದಿದೆ. ಹಾಗಿದ್ದರೆ ಅದನ್ನೇ ಏಕೆ ಮಾಡಬಾರದು?

ಒಳ್ಳೆಯ ಪ್ರಶ್ನೆ. ಫಿಶ್ ಎಂದರೆ ಆಯ್ದ ವರ್ಣತಂತುಗಳಿಗೆ ಹೊಳೆಯುವ ಬಣ್ಣ ಅಂಟಿಸಿ ನೋಡುವ ವಿಧಾನ. ಎರಡು ವರ್ಣತಂತುಗಳು ತುಂಡು ಬದಲಾಯಿಸಿಕೊಂಡಿದ್ದರೆ, ಅಂದರೆ ಟ್ರಾನ್ಸ್‌ಲೊಕೇಶನ್ ಆಗಿದ್ದರೆ, ಒಂದೇ ಕಡ್ಡಿಯಲ್ಲಿ ಎರಡು ಬಣ್ಣ ಕಾಣುತ್ತದೆ. ಇಂಥ ಕೋಶ ಸಲೀಸಾಗಿ ವಿಭಜನೆಯಾಗುತ್ತದೆ. ಮೂಳೆಮಜ್ಜೆಯ ಮೂಲಕೋಶದಲ್ಲೇ ಇದು ಆಗಿದ್ದರೆ ದಶಕಗಳ ಬಳಿಕವೂ ರಕ್ತದಲ್ಲಿ ಸಿಗುತ್ತದೆ. ಹಳೆಯ ಒಡ್ಡಿಕೆ, ಅಂದರೆ ಹಿಂದೆ ತಗುಲಿದ ವಿಕಿರಣ, ಅಳೆಯಲು ಡೈಸೆಂಟ್ರಿಕ್‌ಗಿಂತ ಇದೇ ಮೇಲು ಎಂಬುದರಲ್ಲಿ ಎರಡು ಮಾತಿಲ್ಲ.

ತೊಡಕುಗಳೂ ಇವೆ. ಸಾಮಾನ್ಯವಾಗಿ ಬಣ್ಣ ಹಾಕುವುದು 1, 2 ಮತ್ತು 4ನೇ ವರ್ಣತಂತುಗಳಿಗೆ. ಬಣ್ಣ ಹಚ್ಚಿದ ಮತ್ತು ಹಚ್ಚದ ವರ್ಣತಂತುಗಳ ನಡುವೆ ಆದ ಅದಲುಬದಲು ಮಾತ್ರ ಕಾಣುವುದರಿಂದ, ಒಟ್ಟು ಟ್ರಾನ್ಸ್‌ಲೊಕೇಶನ್‌ಗಳಲ್ಲಿ ಮೂರನೇ ಒಂದಕ್ಕಿಂತ ತುಸು ಹೆಚ್ಚು, ಸುಮಾರು ಶೇ 35, ಮಾತ್ರ ಕಣ್ಣಿಗೆ ಬೀಳುತ್ತವೆ. ಸಾವಿರ ಕೋಶಗಳ ಪೂರ್ಣ ಜೀನೋಮಿಗೆ ಸಮನಾದ ಮಾಹಿತಿ ಬೇಕೆಂದರೆ ಸುಮಾರು 2,800 ಕೋಶ ನೋಡಬೇಕು. ಕಣ್ಣಿಗೂ ಸಮಯಕ್ಕೂ ಅದು ಭಾರ.

ಇದಕ್ಕಿಂತ ದೊಡ್ಡ ತೊಡಕು ವಯಸ್ಸು. ವಿಕಿರಣದ ಸೋಂಕೇ ಇಲ್ಲದವರಲ್ಲೂ ಟ್ರಾನ್ಸ್‌ಲೊಕೇಶನ್‌ಗಳು ವಯಸ್ಸಿನೊಂದಿಗೆ ಸೇರುತ್ತಾ ಹೋಗುತ್ತವೆ; ಎಪ್ಪತ್ತರ ವ್ಯಕ್ತಿಯಲ್ಲಿ ಇಪ್ಪತ್ತರವನಿಗಿಂತ ಹಲವು ಪಟ್ಟು ಹೆಚ್ಚು. ಸಿಗರೇಟು ಸೇದುವವರಲ್ಲಿ ಇನ್ನೂ ಹೆಚ್ಚು. ಮಾಜಿ ಗಣಿಗಾರರೆಂದರೆ ಬಹುಮಟ್ಟಿಗೆ ವಯಸ್ಸಾದ ಗಂಡಸರು, ಹಲವರು ಧೂಮಪಾನಿಗಳು. ಅವರನ್ನು ಅದೇ ವಯಸ್ಸಿನ, ಅಷ್ಟೇ ಸೇದಿದ ಗುಂಪಿನೊಂದಿಗೆ ಹೋಲಿಸದೆ ಹೊರಬಂದ ಅಂಕಿಯನ್ನು ಯಾರೂ ನಂಬಬೇಕಾಗಿಲ್ಲ. ಜೊತೆಗೆ, ವಯಸ್ಸಾದವರಲ್ಲಿ ಒಂದೇ ಕೋಶದಿಂದ ಬಂದ ಕುಲ ಹಿಗ್ಗಿ, ಒಂದೇ ಟ್ರಾನ್ಸ್‌ಲೊಕೇಶನ್ ಹತ್ತಾರು ಕೋಶಗಳಲ್ಲಿ ಪುನರಾವರ್ತನೆ ಆಗುವುದುಂಟು. ಅದೇ ವರ್ಣತಂತು, ಅದೇ ಜಾಗದಲ್ಲಿ ಮುರಿತ ಕಂಡರೆ ಅವನ್ನೆಲ್ಲ ಒಂದೇ ಎಂದು ಎಣಿಸಬೇಕು. ಇದನ್ನು ಮರೆತರೆ ಇಲ್ಲದ ಸೀವರ್ಟ್‌ಗಳು ಹುಟ್ಟಿಕೊಳ್ಳುತ್ತವೆ.

ಎಲ್ಲ 24 ಬಗೆಯ ವರ್ಣತಂತುಗಳಿಗೂ ಬೇರೆ ಬೇರೆ ಬಣ್ಣ ಕೊಡುವ ವಿಧಾನದಲ್ಲಿ, ಎರಡಕ್ಕಿಂತ ಹೆಚ್ಚು ಮುರಿತಗಳು ಸೇರಿ ಆದ ಜಟಿಲ ಹಾನಿಯನ್ನು ಗುರುತಿಸಬಹುದು. ಆಲ್ಫಾ ವಿಕಿರಣದ ಸುಳಿವಾಗಿ ಇದನ್ನು ಸಂಶೋಧಕರು ಗಂಭೀರವಾಗಿ ನೋಡುತ್ತಿದ್ದಾರೆ. ರಷ್ಯಾದ ಮಯಾಕ್ ಪರಮಾಣು ಸ್ಥಾವರದಲ್ಲಿ ಮೈಗೆ ಪ್ಲುಟೋನಿಯಂ ಹೊಕ್ಕ ಕೆಲಸಗಾರರ ಮೇಲೆ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಂದೇ ವರ್ಣತಂತುವಿನ ಒಳಗೆ ತುಂಡುಗಳು ತಿರುಗುಮುರುಗಾದ ಹಾನಿ ಹಲವು ವರ್ಷಗಳ ನಂತರವೂ ಉಳಿದಿದ್ದನ್ನು ತೋರಿಸಿತು. ಆದರೆ ಪ್ಲುಟೋನಿಯಂ ಮೂಳೆಯಲ್ಲಿ ಕೂತು ಮಜ್ಜೆಯನ್ನೇ ಹೊಡೆಯುತ್ತದೆ. ರೇಡಾನ್ ಸಂತತಿ ಶ್ವಾಸನಾಳವನ್ನು ಹೊಡೆಯುತ್ತದೆ. ಅಲ್ಲಿನ ಫಲಿತಾಂಶವನ್ನು ಗಣಿಗಾರರಿಗೆ ನೇರವಾಗಿ ಅನ್ವಯಿಸಲು ಬರುವುದಿಲ್ಲ.

ಪ್ರಶ್ನೆ: ಖಾಸಗಿ ಲ್ಯಾಬೊಂದು ಮಾಜಿ ಗಣಿಗಾರರಿಗಾಗಿ ‘ಗಾಮಾ ಎಚ್2ಎಎಕ್ಸ್’ ಪರೀಕ್ಷೆ ಮಾಡಿಕೊಡುತ್ತೇವೆ ಎನ್ನುತ್ತಿದೆ. ಮಾಡಿಸಬಹುದೇ?

ಬೇಡ. ಡಿಎನ್‌ಎಯ ಎರಡೂ ಎಳೆ ತುಂಡಾದ ಜಾಗದಲ್ಲಿ ಈ ಪ್ರೋಟೀನಿನ ಗುರುತು ಮೂಡುತ್ತದೆ, ರಿಪೇರಿಯಾದಂತೆ ಒಂದೆರಡು ದಿನದಲ್ಲಿ ಬಹುತೇಕ ಅಳಿಸಿಹೋಗುತ್ತದೆ. ನಿನ್ನೆ ಅಪಘಾತವಾದವರಿಗೆ ಉಪಯೋಗ. ವರ್ಷಗಳ ಹಿಂದೆ ಗಣಿ ಬಿಟ್ಟವರಿಗೆ ಅದರಿಂದ ತಿಳಿಯುವುದು ಏನೂ ಇಲ್ಲ.

ಪ್ರಶ್ನೆ: ಮೂತ್ರದಲ್ಲಿ ಯುರೇನಿಯಂ ನೋಡಿಸಿದರೆ?

ಈಗ ಕೆಲಸದಲ್ಲಿರುವವರಿಗೆ, ಅದರಲ್ಲೂ ಅದಿರನ್ನು ಪುಡಿಮಾಡಿ ಸಂಸ್ಕರಿಸುವ ವಿಭಾಗದವರಿಗೆ ಸರಿ. ರಕ್ತಕ್ಕೆ ಸೇರಿದ ಯುರೇನಿಯಂನ ಹೆಚ್ಚಿನ ಪಾಲು ಮೊದಲ ದಿನದಲ್ಲೇ ಮೂತ್ರದಲ್ಲಿ ಹೋಗುತ್ತದೆ. ದಶಕಗಳ ಬಳಿಕ ನೋಡಿದರೆ ಆಹಾರ ಮತ್ತು ಕುಡಿಯುವ ನೀರಿನಿಂದ ಬಂದ ಯುರೇನಿಯಂ ಯಾವುದು, ಗಣಿಯದು ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಯುರೇನಿಯಂ ರಾಸಾಯನಿಕವಾಗಿ ಮೂತ್ರಪಿಂಡದ ನಾಳಗಳಿಗೆ ಪೆಟ್ಟು ಕೊಡಬಲ್ಲದು. ಆ ಅನುಮಾನವಿದ್ದರೆ ಕ್ರಿಯಾಟಿನಿನ್ ಜೊತೆ ಮೂತ್ರದ ಬೀಟಾ-2 ಮೈಕ್ರೊಗ್ಲೋಬ್ಯುಲಿನ್ ಪರೀಕ್ಷೆ ಕೇಳಿ.

ಪ್ರಶ್ನೆ: ತಲೆಬುರುಡೆಯಲ್ಲಿ ಸೀಸ ಅಳೆದು ಹಳೆಯ ರೇಡಾನ್ ಒಡ್ಡಿಕೆ ಹೇಳಬಹುದಂತೆ. ನಿಜವೇ?

ನಿಜ, ನಮ್ಮ ಮಟ್ಟಿಗೆ ಇಡೀ ವಿಷಯದಲ್ಲಿ ಹೆಚ್ಚು ಜಾಣತನದ ವಿಧಾನ ಇದು. ಪೊಲೋನಿಯಂ-214 ಕ್ಷಯಿಸಿದ ಮೇಲೆ ಉಳಿಯುವುದು ಸೀಸ-210. ರೇಡಾನಿನ ಅರ್ಧಾಯುಷ್ಯ 3.8 ದಿನ, ಪೊಲೋನಿಯಂ-218ರದು 3 ನಿಮಿಷ. ಸೀಸ-210ರದು ಮಾತ್ರ 22 ವರ್ಷಕ್ಕೂ ಮೇಲೆ. ಅದು ಮೂಳೆಗೆ ಸೇರುತ್ತದೆ. ಉಸಿರಾಡಿದ ರೇಡಾನ್ ಸಂತತಿ ತನ್ನ ಹೆಜ್ಜೆಗುರುತನ್ನು ಮೂಳೆಯಲ್ಲಿ ಬಿಟ್ಟು ಹೋಗುತ್ತದೆ ಎನ್ನಬಹುದು. ಅಮೆರಿಕದ ಯುರೇನಿಯಂ ಗಣಿಗಾರರ ಮೇಲೆ ಇದನ್ನು ಪ್ರಯೋಗಿಸಿದ ವರದಿ 1969ರಲ್ಲೇ ಬಂದಿತ್ತು.

ಸೀಸ-210 ಹೊರಬಿಡುವ ಗಾಮಾ ಕಿರಣದ ಶಕ್ತಿ ಬರೀ 46.5 ಕಿಲೊ ಎಲೆಕ್ಟ್ರಾನ್ ವೋಲ್ಟ್, ನೂರು ಕ್ಷಯಕ್ಕೆ ನಾಲ್ಕರಷ್ಟು ಮಾತ್ರ. ಇಷ್ಟು ದುರ್ಬಲ ಕಿರಣ ದಪ್ಪ ಮಾಂಸ ದಾಟಿ ಬರುವುದಿಲ್ಲ. ತಲೆಬುರುಡೆಯ ಮೇಲೆ ಚರ್ಮ ತೆಳು, ಮೂಳೆ ದೊಡ್ಡದು, ಅದಕ್ಕೇ ಆ ಜಾಗ. ಹಿನ್ನೆಲೆ ವಿಕಿರಣ ತಡೆಯಲು ದಪ್ಪ ಉಕ್ಕಿನ ಗೋಡೆಯ ಕೋಣೆಯಲ್ಲಿ ವ್ಯಕ್ತಿಯನ್ನು ಮಲಗಿಸಿ, ತಲೆಯ ಸುತ್ತ ಡಿಟೆಕ್ಟರ್‌ಗಳನ್ನು ಇಟ್ಟು ಬಹಳ ಹೊತ್ತು ಎಣಿಸಬೇಕು. ನೋವಿಲ್ಲ, ಸೂಜಿಯಿಲ್ಲ.

ಮಿತಿಗಳು: ಬರೀ ಭೌತಿಕ ಕ್ಷಯದಿಂದಲೇ 40 ವರ್ಷದಲ್ಲಿ ಸುಮಾರು ಶೇ 29 ಉಳಿಯುತ್ತದೆ; ಮೂಳೆ ಸವೆದು ಹೊಸದಾಗುತ್ತಾ ಅದರಲ್ಲೂ ಕಳೆದುಹೋಗುತ್ತದೆ. ಗಣಿಯ ದೂಳಿನಲ್ಲೇ ಸೀಸ-210 ನೇರವಾಗಿ ಇತ್ತು, ಆಹಾರದಲ್ಲೂ ತಂಬಾಕಿನ ಹೊಗೆಯಲ್ಲೂ ಸ್ವಲ್ಪ ಇದೆ. ಹೀಗಾಗಿ ನೂರಾರು ಡಬ್ಲ್ಯುಎಲ್‌ಎಂ ಪಡೆದವರಲ್ಲಿ ಇದು ಮಾತಾಡುತ್ತದೆ, ಕಡಿಮೆ ಪಡೆದವರಲ್ಲಿ ಮೌನ. ಇಂಥ ಕೋಣೆಗಳು ಜಗತ್ತಿನಲ್ಲಿ ಬೆರಳೆಣಿಕೆಯ ಪ್ರಯೋಗಾಲಯಗಳಲ್ಲಿವೆ ಎಂಬುದೂ ಒಂದು ತಡೆ.

ಪ್ರಶ್ನೆ: ನಮ್ಮಣ್ಣನಿಗೆ ಶ್ವಾಸಕೋಶದ ಕ್ಯಾನ್ಸರ್. ಗಡ್ಡೆಯ ಜೀನ್ ಪರೀಕ್ಷೆಯಲ್ಲಿ ರೇಡಾನಿನ ‘ಸಹಿ’ ಕಾಣಿಸುತ್ತದೆ, ಅದು ಸಿಕ್ಕರೆ ಕೇಸು ಗೆದ್ದಂತೆ ಎಂದು ಯಾರೋ ಹೇಳಿದರು.

ಆ ಮಾತಿನ ಮೂಲ 1994ರ ಒಂದು ವರದಿ. ಅಮೆರಿಕದ ಕೊಲರಾಡೊ ಪ್ರಸ್ಥಭೂಮಿಯ ಯುರೇನಿಯಂ ಗಣಿಗಾರರ 52 ಶ್ವಾಸಕೋಶದ ಗಡ್ಡೆಗಳಲ್ಲಿ 16ರಲ್ಲಿ ಕ್ಯಾನ್ಸರ್ ತಡೆಯುವ ಟಿಪಿ53 ಜೀನಿನ 249ನೇ ಕೋಡಾನ್ (ಮೂರು ಅಕ್ಷರದ ಸಂಕೇತ) ಒಂದೇ ರೀತಿ ಬದಲಾಗಿತ್ತು: ಎಜಿಜಿ ಇದ್ದದ್ದು ಎಟಿಜಿ. ರೇಡಾನಿನ ಗುರುತು ಸಿಕ್ಕಿತೆಂದು ಆಗ ದೊಡ್ಡ ನಿರೀಕ್ಷೆ ಹುಟ್ಟಿತು. ನಂತರ ಜರ್ಮನಿಯ ಗಣಿಗಾರರೂ ಸೇರಿದಂತೆ ಬೇರೆ ಗುಂಪುಗಳಲ್ಲಿ ಹುಡುಕಿದಾಗ ಅದು ಹಾಗೆ ಕಾಣಿಸಲಿಲ್ಲ. ಇದೇ ಕೋಡಾನಿನಲ್ಲಿ ಎಜಿಜಿಯಿಂದ ಎಜಿಟಿ ಆಗುವ ಇನ್ನೊಂದು ಬದಲಾವಣೆ ಇದೆ. ಅದು ಅಫ್ಲಾಟಾಕ್ಸಿನ್ ಎಂಬ ಬೂಷ್ಟು ವಿಷದಿಂದಾಗುವ ಯಕೃತ್ ಕ್ಯಾನ್ಸರಿಗೆ ಸೇರಿದ್ದು. ವರದಿ ಓದುವಾಗ ಎರಡನ್ನೂ ಬೆರೆಸಬೇಡಿ.

ಕ್ಯಾನ್ಸರ್ ತಡೆಯುವ ಪಿ16 ಜೀನ್ ಮಿಥೈಲೇಶನ್‌ ಎಂಬ ರಾಸಾಯನಿಕ ಬದಲಾವಣೆಯಿಂದ ಮುಚ್ಚಿಹೋಗುವುದನ್ನೂ ಪರಿಶೀಲಿಸಿದ್ದಾರೆ, ಮಯಾಕ್ ಕೆಲಸಗಾರರ ಗಡ್ಡೆಗಳಲ್ಲಿ ಅದು ಹೆಚ್ಚಾಗಿ ಕಂಡಿತು. ಆದರೆ ಧೂಮಪಾನವೂ ಅದನ್ನೇ ಮಾಡುತ್ತದೆ. ಒಬ್ಬ ವ್ಯಕ್ತಿಯ ಗಡ್ಡೆಯನ್ನು ನೋಡಿ ‘ಇದು ರೇಡಾನಿನದು’ ಎಂದು ಹೇಳಬಲ್ಲ ಗುರುತು ಇವತ್ತು ಯಾರ ಕೈಯಲ್ಲೂ ಇಲ್ಲ. ಹಾಗೆಯೇ, 249ನೇ ಕೋಡಾನ್ ಸರಿಯಾಗಿದೆ ಎಂಬ ಕಾರಣಕ್ಕೆ ಅರ್ಜಿ ತಳ್ಳಿಹಾಕಿದರೆ ಅದೂ ತಪ್ಪು. ಅಣ್ಣನಿಗೆ ಜೀನ್ ಪರೀಕ್ಷೆ ಖಂಡಿತ ಮಾಡಿಸಿ, ಆದರೆ ಔಷಧ ಆರಿಸುವುದಕ್ಕಾಗಿ. ಇಜಿಎಫ್ಆರ್, ಎಎಲ್‌ಕೆ ಮುಂತಾದ ಜೀನುಗಳ ಬದಲಾವಣೆಗಳು ಚಿಕಿತ್ಸೆಯ ದಾರಿಯನ್ನೇ ಬದಲಿಸುತ್ತವೆ.

ಪ್ರಶ್ನೆ: ಅಪ್ಪ ಬೀಡಿ ಸೇದುತ್ತಿದ್ದರು. ‘ಕ್ಯಾನ್ಸರ್ ಬಂದದ್ದು ಅದರಿಂದ, ಗಣಿಯಿಂದಲ್ಲ’ ಎಂದು ಅರ್ಜಿ ನೋಡುವವರು ಹೇಳುತ್ತಿದ್ದಾರೆ. ಏನು ಉತ್ತರ ಕೊಡಲಿ?

ಎರಡರಲ್ಲಿ ಒಂದನ್ನು ಆರಿಸಿ ಎಂಬ ಪ್ರಶ್ನೆಯೇ ಸರಿಯಿಲ್ಲ. ಗಣಿಗಾರರ ಹನ್ನೊಂದು ಗುಂಪುಗಳ ಮಾಹಿತಿ ಒಟ್ಟುಗೂಡಿಸಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1999ರಲ್ಲಿ ಪ್ರಕಟಿಸಿದ ವರದಿ ಸ್ಪಷ್ಟವಾಗಿ ಹೇಳುತ್ತದೆ: ರೇಡಾನ್ ಮತ್ತು ತಂಬಾಕು ಒಂದಕ್ಕೊಂದು ಕೈಜೋಡಿಸುತ್ತವೆ, ಎರಡರ ಒಟ್ಟು ಅಪಾಯ ಬರೀ ಕೂಡಿಸಿದ್ದಕ್ಕಿಂತ ಹೆಚ್ಚು. ಸೇದದ ಗಣಿಗಾರರಲ್ಲೂ ರೇಡಾನಿನಿಂದ ಅಪಾಯ ಏರುತ್ತದೆ.

ಲೆಕ್ಕ ಹಾಕುವ ವಿಧಾನ ಹೀಗೆ. ಹೆಚ್ಚುವರಿ ಸಾಪೇಕ್ಷ ಅಪಾಯವನ್ನು (ರೇಡಾನ್ ತಗುಲದವರ ಅಪಾಯ ಒಂದು ಎಂದಿಟ್ಟರೆ ರೇಡಾನಿನಿಂದ ಅದರ ಮೇಲೆ ಸೇರುವುದು) ಅದಕ್ಕೆ ಒಂದು ಕೂಡಿಸಿದ ಮೊತ್ತದಿಂದ ಭಾಗಿಸಿದರೆ ‘ರೇಡಾನ್ ಪಾಲು’ ಸಿಗುತ್ತದೆ. ಉದಾಹರಣೆಗೆ 100 ಡಬ್ಲ್ಯುಎಲ್‌ಎಂಗೆ ಹೆಚ್ಚುವರಿ ಅಪಾಯ 0.5 ಎಂದು ಇಟ್ಟುಕೊಂಡರೆ, 100 ಪಡೆದವರಿಗೆ 0.5ನ್ನು 1.5ರಿಂದ ಭಾಗಿಸಿ ಶೇ 33. 200 ಪಡೆದವರಿಗೆ 1ನ್ನು 2ರಿಂದ ಭಾಗಿಸಿ ಶೇ 50. ವಾಸ್ತವದಲ್ಲಿ ವಯಸ್ಸು ಮತ್ತು ಕಳೆದ ಕಾಲಕ್ಕೆ ತಕ್ಕಂತೆ ತಿದ್ದಬೇಕು. ಅದೇ ವರದಿಯ ಒಂದು ಮಾದರಿಯಲ್ಲಿ 5ರಿಂದ 14 ವರ್ಷ ಹಿಂದಿನ ಒಡ್ಡಿಕೆಗೆ ಪೂರ್ತಿ ತೂಕ, 15ರಿಂದ 24 ವರ್ಷ ಹಿಂದಿನದಕ್ಕೆ 0.78, ಅದಕ್ಕೂ ಹಳೆಯದಕ್ಕೆ 0.51. ಈ ಲೆಕ್ಕಕ್ಕೆ ಬೇಕಾದ್ದು ಕೆಲಸದ ಇತಿಹಾಸ ಮತ್ತು ಗಾಳಿಯ ಅಳತೆಗಳು. ಅಮೆರಿಕದ 1990ರ ವಿಕಿರಣ ಪರಿಹಾರ ಕಾನೂನು 2000 ಮತ್ತು 2002ರ ತಿದ್ದುಪಡಿಗಳ ನಂತರ ಯುರೇನಿಯಂ ಗಣಿಗಾರರಿಗೆ ಇಟ್ಟ ಅಳತೆ 40 ಡಬ್ಲ್ಯುಎಲ್‌ಎಂ ಅಥವಾ ಒಂದು ವರ್ಷದ ಕೆಲಸ. ವರ್ಣತಂತು ಪರೀಕ್ಷೆಯನ್ನು ಅದು ಕೇಳಲಿಲ್ಲ.

ಪ್ರಶ್ನೆ: ಒಬ್ಬೊಬ್ಬರಿಗೆ ಹೇಳಲಾಗದಿದ್ದರೆ ವಿಜ್ಞಾನಿಗಳು ಗಣಿಗಾರರ ರಕ್ತ ಕೂಡಿಡುವುದೇಕೆ?

ಗುಂಪಿನ ಮಟ್ಟದಲ್ಲಿ ಉತ್ತರಗಳು ಸಿಗುತ್ತವೆ ಎಂಬ ಕಾರಣಕ್ಕೆ. ಪೂರ್ವ ಜರ್ಮನಿಯ ವಿಸ್ಮುಟ್ ಗಣಿಗಳು 1946ರಿಂದ 1990ರವರೆಗೆ ನಡೆದವು. ಮೊದಲ ವರ್ಷಗಳಲ್ಲಿ ಒಣ ಡ್ರಿಲ್ಲಿಂಗ್, ಯಂತ್ರದ ಗಾಳಿ ವ್ಯವಸ್ಥೆ ಇಲ್ಲ; ದೂಳೂ ರೇಡಾನೂ ವಿಪರೀತ. ಅಲ್ಲಿನ ಸುಮಾರು 59,000 ಪುರುಷರನ್ನು ಜರ್ಮನಿಯ ವಿಕಿರಣ ಸಂರಕ್ಷಣಾ ಕಚೇರಿ ಈಗಲೂ ಹಿಂಬಾಲಿಸಿ ಅಧ್ಯಯನ ಮಾಡುತ್ತಿದೆ, ಮಾಜಿ ಗಣಿಗಾರರ ರಕ್ತದ ಮಾದರಿಗಳ ಸಂಗ್ರಹವೂ ಅಲ್ಲಿದೆ. ಪ್ರತಿಯೊಬ್ಬರ ವರ್ಷವಾರು ಒಡ್ಡಿಕೆ ಅಂದಾಜು ಆ ಮಾದರಿಯ ಜೊತೆಗಿರುವುದರಿಂದಲೇ ಅದಕ್ಕೆ ಬೆಲೆ. ಚೆಕ್ ಗಣಿಗಾರರ ಮೇಲೆ 2001ರಲ್ಲಿ ಬಂದ ಅಧ್ಯಯನದಲ್ಲಿ, ವರ್ಣತಂತು ಹಾನಿ ಹೆಚ್ಚಿದ್ದ ಗುಂಪಿಗೆ ಮುಂದೆ ಕ್ಯಾನ್ಸರ್ ಹೆಚ್ಚು ಬಂದದ್ದು ಕಂಡಿತು. ಇಂಥವನ್ನು ಗುಂಪುಗಳಲ್ಲದೆ ಬೇರೆ ರೀತಿ ತಿಳಿಯಲಾಗದು. ರಕ್ತ ಕೊಡಲು ಕೇಳಿದರೆ ದಯವಿಟ್ಟು ಕೊಡಿ, ಆದರೆ ನಿಮ್ಮ ಸ್ವಂತ ರೋಗದ ಉತ್ತರವನ್ನು ಅದರಿಂದ ನಿರೀಕ್ಷಿಸಬೇಡಿ.

ಪ್ರಶ್ನೆ: ಹಾಗಾದರೆ ಮಾಜಿ ಗಣಿಗಾರರು ನಿಜಕ್ಕೂ ಮಾಡಿಸಬೇಕಾದ ಪರೀಕ್ಷೆ ಯಾವುದು? ಕಡತದಲ್ಲಿ ಏನಿರಬೇಕು?

ಐವತ್ತು ದಾಟಿ, ಹಿಂದೆ ಅಥವಾ ಈಗ ಸಾಕಷ್ಟು ಸೇದಿದವರಾಗಿದ್ದರೆ ವರ್ಷಕ್ಕೊಮ್ಮೆ ಕಡಿಮೆ ವಿಕಿರಣದ ಎದೆ ಸಿಟಿ ಸ್ಕ್ಯಾನ್ ಬಗ್ಗೆ ಶ್ವಾಸಕೋಶ ತಜ್ಞರನ್ನು ಕೇಳಿ. 2011ರಲ್ಲಿ ಪ್ರಕಟವಾದ, 53,000ಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ನಡೆದ ಅಮೆರಿಕದ ಪ್ರಯೋಗದಲ್ಲಿ ಈ ಸ್ಕ್ಯಾನ್ ಮಾಡಿಸಿದವರಲ್ಲಿ ಶ್ವಾಸಕೋಶ ಕ್ಯಾನ್ಸರ್ ಸಾವು ಶೇ 20 ಕಡಿಮೆಯಾಯಿತು. ಸೇದದವರಾಗಿದ್ದು ಒಡ್ಡಿಕೆ ಮಾತ್ರ ಹೆಚ್ಚಿದ್ದವರ ಬಗ್ಗೆ ತಜ್ಞರು ಒಬ್ಬೊಬ್ಬರನ್ನೇ ನೋಡಿ ತೀರ್ಮಾನಿಸಬೇಕು. ಗಣಿ ದೂಳಿನಲ್ಲಿ ಸ್ಫಟಿಕದ ಸಿಲಿಕಾ ಇರುವುದರಿಂದ ಎದೆಯ ಎಕ್ಸ್‌ರೇಯಲ್ಲಿ ಸಿಲಿಕೋಸಿಸ್ (ಸಿಲಿಕಾ ದೂಳಿನಿಂದ ಶ್ವಾಸಕೋಶ ಗಟ್ಟಿಯಾಗುವ ರೋಗ) ಇದೆಯೇ ನೋಡಿಸಿ, ಉಸಿರಿನ ಬಲ ಅಳೆಯುವ ಸ್ಪೈರೊಮೆಟ್ರಿ ಮಾಡಿಸಿ. ಸಿಲಿಕೋಸಿಸ್ ಇದ್ದವರಿಗೆ ಕ್ಷಯರೋಗ (ಟಿಬಿ) ಬೇಗ ಹಿಡಿಯುತ್ತದೆ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ತಪ್ಪಿಸಬೇಡಿ. ಸೇದುತ್ತಿದ್ದರೆ ನಿಲ್ಲಿಸುವುದು ಯಾವ ಪರೀಕ್ಷೆಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ, ಗಣಿಗಾರರಿಗೆ ಇನ್ನೂ ಹೆಚ್ಚು.

ಕಡತಕ್ಕೆ: ನೇಮಕ ಪತ್ರ, ಸಂಬಳದ ಚೀಟಿಗಳು, ಪಾಳಿ ಪುಸ್ತಕ, ಡೋಸಿಮೀಟರ್ ವರದಿ ಇದ್ದರೆ ಅದು, ಕೆಲಸ ಮಾಡಿದ ಮಟ್ಟ ಮತ್ತು ಗಣಿಯ ಹೆಸರು ವರ್ಷವಾರು. ಕಾಗದ ಕಳೆದಿದ್ದರೆ ಜೊತೆ ದುಡಿದ ಇಬ್ಬರ ಲಿಖಿತ ಹೇಳಿಕೆ ಈಗಲೇ ಪಡೆಯಿರಿ, ಅವರಿಗೂ ವಯಸ್ಸಾಗುತ್ತಿದೆ. ಬಯಾಪ್ಸಿ ಆಗಿದ್ದರೆ ವರದಿಯ ಪ್ರತಿಯ ಜೊತೆಗೆ ಮೇಣದ ಬ್ಲಾಕಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಅದನ್ನು ಬಿಸಾಡದೆ ಕಾಪಿಡುವಂತೆ ಆಸ್ಪತ್ರೆಯ ರೋಗಶಾಸ್ತ್ರ ವಿಭಾಗಕ್ಕೆ ಲಿಖಿತವಾಗಿ ಕೇಳಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.